ದರ್ಜಿ ಭಾವನ ‘ಅದಕ್ಕೇನೀಗ?’

ಏಳು ವರ್ಷದಿಂದ ನಾನು ಸಂಶೋಧನೆ ಮಾಡುತ್ತಿದ್ದೇನೆ. ಮಾಡುತ್ತಿದ್ದೇನೆ ಎಂದು ಹೇಳಿಕೊಳ್ಳುವುದರಲ್ಲಂತೂ ನನ್ನದು ಪಳಗಿದ ಕೈ. ಕಾಲೇಜಿನಲ್ಲಿ ಪಾಠ ಮುಗಿಸಿ, ಸಂಜೆ ಆರಕ್ಕೆ ಚೀಲ ಹೆಗಲಿಗೇರಿಸಿ ಗ್ರಂಥಾಲಯಕ್ಕೆ ಹೊರಟರೆ ಮನೆಗೆ ಬರುವುದು ಎಂಟಕ್ಕೆ. ನನ್ನ ವಿಷಯವೂ ಗ್ರಂಥಾಲಯವೇ: ಜನ ಅಲ್ಲಿಗೆ ಯಾಕೆ ಬರುತ್ತಾರೆ? ಮುನ್ನೂರ ಹನ್ನೆರಡು ಜನರಿಂದ ಪ್ರಶ್ನಾವಳಿ ತುಂಬಿಸಿದ್ದೆ. ಉತ್ತರ ಮಾತ್ರ ನನಗೆ ಗೊತ್ತಿರಲಿಲ್ಲ.

ಕೊನೆಗೆ ಗೈಡ್ ತಾಳ್ಮೆಗೆಟ್ಟರು. “ನಿಮ್ಮ ಪ್ರಬಂಧದ ವಾದ ಏನು ಅಂತ ಶುಕ್ರವಾರದೊಳಗೆ ಒಂದೇ ವಾಕ್ಯದಲ್ಲಿ ಬರೆದುಕೊಡಿ. ಇಲ್ಲದಿದ್ರೆ ನೋಂದಣಿ ರದ್ದು.” ಒಂದು ವಾಕ್ಯ ತಾನೇ ಎಂದು ಮೀಸೆ ತಿರುವಿಕೊಂಡು ಟೈಪಿಂಗ್ ಅಕ್ಕನ ಅಂಗಡಿಗೆ ಹೋದೆ.

ಅಕ್ಕ ಕಾಲೇಜು ಅರ್ಧಕ್ಕೆ ಬಿಟ್ಟವರು. ಆದರೆ ಇಪ್ಪತ್ತಾರು ವರ್ಷಗಳಿಂದ ಊರಿನ ಡಾಕ್ಟರೇಟುಗಳೆಲ್ಲ ಅವರ ಬೆರಳ ಕೆಳಗಿಂದಲೇ ಹೊರಬಿದ್ದಿವೆ. ಅರ್ಧ ಕೋಣೆಯಲ್ಲಿ ಅವರ ಕಂಪ್ಯೂಟರು, ಇನ್ನರ್ಧದಲ್ಲಿ ಗಂಡನ ಹೊಲಿಗೆ ಯಂತ್ರ. ಟೈಪು ಮಾಡುವ ಮೊದಲು ಪ್ರಬಂಧದ ಮುಖ್ಯ ವಾಕ್ಯವನ್ನು ಗಂಡನಿಗೆ ಗಟ್ಟಿಯಾಗಿ ಓದಿ ಹೇಳುವುದು ಅಕ್ಕನ ಪದ್ಧತಿ. ಭಾವ “ಅದಕ್ಕೇನೀಗ?” ಅಂದರೆ ವಾಕ್ಯ ಫೇಲು. “ಸುಳ್ಳು!” ಎಂದು ಜಗಳಕ್ಕೆ ಬಂದರೆ ಪಾಸು. ಯಾರೂ ಇಲ್ಲವೆನ್ನದ ಮಾತಿಗೆ ಇನ್ನೂರು ಪುಟ ಯಾಕೆ ದಂಡ ಎಂದು ಅಕ್ಕ ಕೇಳುತ್ತಾರೆ.

ನನ್ನ ಮೊದಲ ವಾಕ್ಯ: “ಆಧುನಿಕ ಸಮಾಜದಲ್ಲಿ ಗ್ರಂಥಾಲಯಗಳು ಮಹತ್ವದ ಪಾತ್ರ ವಹಿಸುತ್ತವೆ.”

“ಅದಕ್ಕೇನೀಗ?” ಎಂದರು ಭಾವ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಎರಡನೆಯದು: “ಓದುಗರ ಅಗತ್ಯಗಳು ಬಹುಮುಖಿಯಾಗಿವೆ.” ಭಾವ ತಲೆಯೆತ್ತಲೂ ಇಲ್ಲ.

“ಎಲ್ರೂ ಹೌದು ಹೌದು ಅನ್ನೋ ಹಾಗೇ ಬರೀತೀರಿ ಮೇಷ್ಟ್ರೇ. ಯಾರಾದ್ರೂ ಏನಾದ್ರೂ ಅಂದ್ರೆ ಅಂತ ಭಯ ನಿಮ್ಗೆ,” ಎಂದರು ಅಕ್ಕ. ಸುಳ್ಳೇನಲ್ಲ. ಕಾಫಿಯೋ ಚಹಾವೋ ಎಂದರೂ “ಯಾವುದಾದ್ರೂ ಆದೀತು” ಎನ್ನುವ ಆಸಾಮಿ ನಾನು.

ಅಷ್ಟರಲ್ಲಿ ಅವರ ಕಣ್ಣು ನನ್ನ ಚೀಲದಲ್ಲಿದ್ದ ಪ್ರಶ್ನಾವಳಿಗಳ ಕಟ್ಟೊಂದರ ಮೇಲೆ ಬಿತ್ತು. “ಇದ್ಯಾಕೆ ಬೇರೆ ಇಟ್ಟಿದೀರಿ?”

“ಅವು ಲೆಕ್ಕಕ್ಕಿಲ್ಲ ಅಕ್ಕ. ದಿನಾ ಎರಡು ಗಂಟೆ ಕೂರ್ತೀವಿ ಅಂತ ಬರೆದು, ಓದಿದ ಪುಸ್ತಕದ ಹೆಸರು ಬರೆಯೋ ಜಾಗ ಖಾಲಿ ಬಿಟ್ಟಿದಾರೆ.”

“ಎಷ್ಟಿವೆ?”

“ನೂರ ತೊಂಬತ್ತು.”

ಅಕ್ಕ ಕಂಪ್ಯೂಟರು ಬಿಟ್ಟು ಪೂರ್ತಿ ನನ್ನ ಕಡೆ ತಿರುಗಿದರು. “ಇಷ್ಟು ಜನ ದಿನಾ ಎರಡು ಗಂಟೆ ಕೂತು ಪುಸ್ತಕಾನೇ ಮುಟ್ಟಿಲ್ಲ. ಅದನ್ನ ಏಳು ವರ್ಷ ರಬ್ಬರ್ ಬ್ಯಾಂಡ್ ಹಾಕಿ ಇಟ್ಕೊಂಡಿದ್ರಾ?”

ಕಟ್ಟು ಬಿಚ್ಚಿ, ಅವರು ತುಂಬಿದ್ದ ಮನೆಯ ವಿವರ ನೋಡಿದೆ. ಒಂದೇ ಕೋಣೆ, ಆರು ಜನ. ಎರಡು ಕೋಣೆ, ಒಂಬತ್ತು ಜನ. ಹಾಳೆ ಹಾಳೆಯಲ್ಲೂ ಅದೇ. ಬರೆದುಕೊಟ್ಟೆ: “ಜನ ಗ್ರಂಥಾಲಯಕ್ಕೆ ಬರುವುದು ಓದಲಿಕ್ಕಲ್ಲ, ಮನೆಯಲ್ಲಿ ಸಿಗದ ಕುರ್ಚಿಗಾಗಿ.”

“ಸುಳ್ಳು!” ಭಾವ ಸೂಜಿ ಉಗುಳಿ ಎದ್ದರು. “ನಾನು ಹೋಗೋದು ಪೇಪರ್ ಓದೋಕೆ!”

“ನಿನ್ನೆ ಪೇಪರಲ್ಲಿ ಏನಿತ್ತು ಹೇಳಿ?” ಎಂದರು ಅಕ್ಕ. ಭಾವ ಮತ್ತೆ ಸೂಜಿ ಕಚ್ಚಿಕೊಂಡರು.

ಗೆದ್ದ ಖುಷಿಯಲ್ಲಿ ಮನೆಗೆ ಬಂದು ಹೆಂಡತಿಗೆ ಹಾಳೆ ತೋರಿಸಿದೆ. ಅವಳು ಸ್ಕೂಲ್ ಟೀಚರು. ಒಲೆಯ ಮುಂದೆ ನಿಂತೇ ಓದಿದಳು.

“ನಿಜ. ನೀವೂ ಅದಕ್ಕೇ ಹೋಗ್ತಿದ್ರಿ ಅಲ್ವಾ? ನಿಮ್ಮ ಪ್ರಶ್ನಾವಳಿ ತುಂಬಿದವರಲ್ಲಿ ಹೆಂಗಸರೆಷ್ಟು?”

ಎಣಿಸಿದೆ. ನಾಲ್ಕು.

“ಊರಿನ ಉಳಿದ ಹೆಂಗಸರಿಗೆಲ್ಲ ಮನೇಲಿ ಕುರ್ಚಿ ಸಿಗುತ್ತೆ ಅಂತೀರಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಬಚಾವಾಗುತ್ತಿದ್ದೆ. ನಾನು ಸಂಶೋಧನೆ ಎಂದು ಕರೆದಿದ್ದು ಇವಳಿಗೆ ಒಂದು ದಿನವೂ ಸಿಗದ ಎರಡು ಗಂಟೆಯ ನೆಮ್ಮದಿಯನ್ನು. ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು.

ಶುಕ್ರವಾರ ಬೆಳಿಗ್ಗೆ ಅಕ್ಕನಿಗೆ ಹೊಸ ವಾಕ್ಯ ಕೊಟ್ಟೆ: “ಮನೆಯಲ್ಲಿ ಕೂರಲು ಜಾಗವಿಲ್ಲದವರಿಗೆ ಆಸರೆಯಾದ ಗ್ರಂಥಾಲಯ, ಮನೆಯಿಂದ ಎದ್ದು ಬರಲಾಗದ ಹೆಂಗಸರನ್ನು ಹೊರಗೇ ಇಡುತ್ತದೆ.” ಅಕ್ಕ ಎರಡು ಸಲ ಓದಿದರು, ಮನಸ್ಸಿನಲ್ಲೇ.

“ಇದಕ್ಕೆ ಇಲ್ಲ ಅನ್ನೋರು ಸಿಗ್ತಾರಾ ಅಕ್ಕ?”

“ನಮ್ಮನೇಲೇ ಒಬ್ರಿದಾರೆ,” ಎಂದು ಟೈಪು ಮಾಡಿದರು.

ಗೈಡ್ ಒಪ್ಪಿದರು, ನೋಂದಣಿ ಉಳಿಯಿತು. ಈಗ ಸಂಜೆ ಆರಕ್ಕೆ ಚೀಲ ಹೆಗಲಿಗೇರಿಸುವವಳು ನನ್ನ ಹೆಂಡತಿ. ನನ್ನ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮಗಳ ಗಣಿತದ ಪುಸ್ತಕ. ಎರಡು ತಿಂಗಳಾದರೂ ಮೊದಲ ಅಧ್ಯಾಯ ಶುರುವಾಗಿಲ್ಲ. ಯಾಕೆ ಎಂದು ಗೈಡ್ ನಿನ್ನೆ ಕೇಳಿದರು.

“ಸಮಯ ಸಿಗ್ತಿಲ್ಲ ಸರ್,” ಎಂದೆ. ಏಳು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮೊದಲ ನಿಜ ಅದು.