ಹೊನ್ನಪ್ಪ ಮಾಸ್ತರರ ಅನುಮಾನ

ಗೋವಾದ ಕ್ಲಬ್ಬೊಂದರಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದ ಹೊನ್ನಪ್ಪ ಗೌಡರು ಈಗ ತಮ್ಮೂರು ಕಾಗಾಲದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾರೆ. ಕೊಯ್ಲು ಮುಗಿದ ಗದ್ದೆಯೇ ಮೈದಾನ. ಏಳೇ ವರ್ಷಕ್ಕೆ ಯಾಕೆ ವಾಪಸು ಬಂದರು ಎಂಬ ಅನುಮಾನ ಊರಿಗಿದೆ. ಅವರ ಅನುಮಾನವೇ ಬೇರೆ. ನೋವಿಲ್ಲ ಎನ್ನುವ ಆಟಗಾರರನ್ನು ಅವರು ನಂಬುವುದಿಲ್ಲ. ಆಟಕ್ಕೆ ಮೊದಲು ಎಲ್ಲರೂ ಕುಕ್ಕರಗಾಲಲ್ಲಿ ಕೂತು, ಕೈ ಊರದೆ ಏಳಬೇಕು.

ಜಿಲ್ಲಾ ತಂಡದ ಆಯ್ಕೆಗೆ ನಾಲ್ಕು ದಿನವಿರುವಾಗ ಅವರು ಪಟ್ಟಿಯಿಂದ ಅಂಕಿತಾಳ ಹೆಸರು ತೆಗೆದರು. ಅವಳ ತಾಯಿ ಮಾದೇವಿ ಮಗಳನ್ನು ಕರೆದುಕೊಂಡು ಗದ್ದೆಗೇ ಬಂದಳು.

“ಯಾರ ಮಗಳಿಗೆ ಜಾಗ ಮಾಡ್ಲಿಕ್ಕೆ ನನ್ನ ಮಗಳನ್ನ ತೆಗೆದ್ರಿ, ಮಾಸ್ತರ್ರೇ?”

“ಅವಳ ಮೊಣಕಾಲು ಸರಿ ಇಲ್ಲ, ಮಾದೇವಕ್ಕ.”

“ಅವಳೇ ಎಂತದೂ ಇಲ್ಲ ಅಂತಾಳೆ. ನಿಮಗೆ ಹೇಗೆ ಗೊತ್ತಾತು?”

“ನಾನೂ ಹಾಗೇ ಹೇಳಿದ್ದೆ. ಇಂಜೆಕ್ಷನ್ ತಕಂಡು ಫೈನಲ್ ಆಡ್ದೆ. ಇಪ್ಪತ್ತೇಳನೇ ವರ್ಷಕ್ಕೆ ಆಟ ಮುಗೀತು.”

“ಚಂದ ಕತೆ,” ಎಂದ ಮಾದೇವಿ ಮಗಳತ್ತ ತಿರುಗಿದಳು. “ಕೂತು ಏಳೇ, ಇವರೂ ನೋಡ್ಲಿ.”

ಅಂಕಿತಾ ಕೂತಳು. ಏಳುವಾಗ ಎಡಗೈಯನ್ನು ನೆಲಕ್ಕೆ ಊರಿದಳು. ಹದಿನೈದು ದಿನದಿಂದ ಅವಳು ಮಣೆ ಬಿಟ್ಟು ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದುದು ಮಾದೇವಿಗೆ ಆಗ ನೆನಪಾಯಿತು. ದೊಡ್ಡಸ್ತಿಕೆ ಬಂದಿದೆ ಎಂದು ಬೈದೂ ಇದ್ದಳು.

ಆದರೂ ಅವಳು ಪಟ್ಟು ಬಿಡಲಿಲ್ಲ. “ನಾಳೆ ಕುಮಟಾದಲ್ಲಿ ಡಾಕ್ಟರಿಗೆ ತೋರಿಸ್ತೆ. ಎಂತದೂ ಇಲ್ಲ ಅಂದ್ರೆ ನಿಮ್ಮನ್ನ ಬಿಡೂದಿಲ್ಲ.”

“ಆತು. ಎಂತದೂ ಇಲ್ಲ ಅಂದ್ರೆ ಆಯ್ಕೆಗೆ ನಾನೇ ಕರ್ಕಂಡು ಹೋಗ್ತೆ.”

“ಡಾಕ್ಟರು ಬೇಡ ಅಮ್ಮ,” ಎಂದಳು ಅಂಕಿತಾ. ಅವಳ ಕಣ್ಣು ತುಂಬಿತ್ತು.

ಮಾದೇವಿ ಮಾಸ್ತರರ ಮುಖ ನೋಡಲಿಲ್ಲ. ಮಗಳ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು, ಅವಳ ನಡಿಗೆಯನ್ನೇ ನೋಡುತ್ತ ಹಿಂದೆ ಹೊರಟಳು.