ಸವಾಲಿನ ಮಾಸ್ತರರು ಮತ್ತು ಅವ್ವನ ಒಡಪು

ಮೊನ್ನೆ ಹುಣಸೆಹಣ್ಣು ಹಚ್ಚಿ ಅವ್ವನ ಕಾಲದ ತಾಮ್ರದ ಕೊಡ ತಿಕ್ಕುತ್ತಿದ್ದೆ. ಪಡಸಾಲೆಯ ಟೀವಿಯಲ್ಲಿ ಪ್ರಶ್ನೆ ಕೇಳುವ ಆಟ ನಡೆದಿತ್ತು. ಕೋಟು ತೊಟ್ಟ ನಿರೂಪಕ ಉತ್ತರ ಗೊತ್ತಿದ್ದೂ ಹೇಳದೆ, ಎದುರಿಗಿದ್ದ ಹೆಣ್ಣುಮಗಳನ್ನು ಕಾಯಿಸುತ್ತಿದ್ದ. ಹುಳಿಯ ವಾಸನೆ ಮೂಗಿಗೆ ಬಡಿಯಿತು, ನಾನು ಬೆಟಗೇರಿಯ ಗುಡಿಯಂಗಳಕ್ಕೆ ಹೋಗಿಬಿಟ್ಟೆ...

ಆಗ ಟೀವಿ ಎಲ್ಲಿಯದು? ನಮಗೆ ಸವಾಲಿನ ಮಾಸ್ತರರಿದ್ದರು. ಹಮ್ಮಿಗಿಯ ಕಡೆಯವರು, ನಮ್ಮ ಓಣಿಯ ಶಾಲೆಯಲ್ಲಿ ಕಲಿಸುತ್ತಿದ್ದರು. ಸ್ವಾತಂತ್ರ್ಯ ಬಂದ ವರ್ಷ ಮಕ್ಕಳನ್ನು ಕೂಡಿಸಿ ಈ ಆಟ ಶುರು ಮಾಡಿದರಂತೆ. ಅದು ಜನಕ್ಕೆ ಎಷ್ಟು ಹಿಡಿಸಿತೆಂದರೆ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಿಂದೆಲ್ಲ ಕರೆ ಬರತೊಡಗಿತು. ರವಿವಾರ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು. ಪ್ರಶ್ನೆ ಕೇಳಿ ಹತ್ತು ಎಣಿಸುವರು, ಅಷ್ಟರಲ್ಲಿ ಉತ್ತರ ಬರಬೇಕು. ಸೋತವರೂ ನಗುತ್ತಲೇ ಏಳುವಂತೆ ಮಾಡುವುದು ಅವರ ಕಸುಬು.

ಕನ್ನಡ ನಾಡು ಒಂದಾದ ವರ್ಷ ಗುಡಿಯಂಗಳದಲ್ಲಿ ಹೆಂಗಸರಿಗೂ ಆಟ ಇಟ್ಟರು. ಗೆದ್ದವರಿಗೆ ತಾಮ್ರದ ಕೊಡ. ನೇಕಾರರಾದ ನಮ್ಮ ಮನೆಯಲ್ಲಿದ್ದವು ಮಣ್ಣಿನವು, ಆ ತಿಂಗಳು ಎರಡು ಒಡೆದಿದ್ದವು. ಅವ್ವನಿಗೆ ಓದು ಬಾರದು, ಆದರೆ ಪುರಾಣ ಕೇಳಿ ಕೇಳಿ ಬಾಯಿಪಾಠ. "ಆ ಕೊಡ ತಂದ ತರತೀನಿ ನೋಡು," ಎಂದು ನನಗೆ ಹೆರಳು ಹಾಕುತ್ತಲೇ ಹೇಳಿದ್ದಳು.

"ಇನ್ನ ಮ್ಯಾಲೆ ನಾವು ಮುಂಬೈ ಸರಕಾರದವರೋ, ಮೈಸೂರವರೋ?" ಎಂಬ ಮಾಸ್ತರರ ಸವಾಲಿನಿಂದ ಶುರುವಾದ ಆಟದಲ್ಲಿ ಕೊನೆಗೆ ಉಳಿದವರು ಅವ್ವ ಮತ್ತು ಹುಲಕೋಟಿಯಿಂದ ಮದುವೆಯಾಗಿ ಬಂದಿದ್ದ ಪಕ್ಕದ ಮನೆಯ ಸೊಸೆ. ಸೊಸೆ ಆಗಲೇ ಒಂದು ತಪ್ಪಿದ್ದಳು, ಇನ್ನೊಂದು ಹೇಳಿದರೆ ಕೊಡ ಅವ್ವನದು. ಅವ್ವನ ಪಾಲಿಗೆ ಬಂದ ಸವಾಲು: "ಅಡವಿಯೊಳಗ ಸೀತಾಮಾಯಿಗೆ ಗೆರಿ ಎಳೆದು ಹೋದಾಂವ ಯಾರು?"

ಕೂಸಿಗೂ ಗೊತ್ತಿದ್ದ ಉತ್ತರ. ಅವ್ವ ತೆರೆದ ಬಾಯಿ ಹಾಗೇ ಮುಚ್ಚಿ ಸೆರಗು ಕಚ್ಚಿದಳು. ಅಪ್ಪನ ಹೆಸರೇ ಲಕ್ಷ್ಮಣ! ಗಂಡನ ಹೆಸರನ್ನು ಹೆಂಡತಿ ಹೇಗೆ ಹೇಳಿಯಾಳು?

ಮಾಸ್ತರರು ಎಣಿಸತೊಡಗಿದರು. "ಒಂದು... ಎರಡು..." ಮದುವೆಯಾಗದ ಮನುಷ್ಯ, ಈ ಪೇಚು ಅವರಿಗೆ ಹೊಳೆಯಲೇ ಇಲ್ಲ.

"ಯಾಕ ಅಕ್ಕಾರ, ರಾಮಾಯಣ ಮರ್ತ್ರೇನು?" ಸೊಸೆ ಕೆಣಕಿದಳು.

"ಮಾಸ್ತರ, ಅದು ಆಕಿ ಗಂಡನ ಹೆಸರ್ರೀ!" ಮುದುಕಿಯೊಬ್ಬಳು ಕೂಗಿದಳು. ಅಂಗಳವೆಲ್ಲ ಹೋ ಎಂದಿತು. ಗಂಡಸರ ಸಾಲಿನಲ್ಲಿ ಅಪ್ಪ ತಲೆ ತಗ್ಗಿಸಿದ.

ಮಾಸ್ತರರು ಏಳಕ್ಕೆ ಎಣಿಕೆ ನಿಲ್ಲಿಸಿ ಕಿವಿ ಹಿಡಿದುಕೊಂಡರು. "ತಪ್ಪು ನಂದು. ಆದ್ರ ಕೇಳಿದ ಸವಾಲು ಬದಲಿ ಮಾಡಾಂಗಿಲ್ಲ. ತಂಗೆವ್ವಾ, ಒಡಪು ಹಾಕಬ್ಯಾಡಂತ ನಾ ಅಂದೇನೇನು? ಹಾಂ, ಎಂಟು..."

ಒಡಪು ಕಟ್ಟಿ, ಪ್ರಾಸದೊಳಗೆ ಸೇರಿಸಿ ಹೇಳಿದರೆ ಗಂಡನ ಹೆಸರಿಗೆ ದೋಷವಿಲ್ಲ. ಮದುವೆ ಮನೆಗಳಲ್ಲಿ ನಮ್ಮ ಹೆಂಗಸರು ಹೇಳುವುದೇ ಹಾಗೆ. ಒಂಬತ್ತಕ್ಕೆ ಅವ್ವ ಎದ್ದು ನಿಂತಳು:

"ಕಟ್ಟಿನ ಸಾರಿಗೆ ಬೇಕ ಹುಣಸಿ, ಬೆಲ್ಲ,
ಲಕ್ಷ್ಮಣರಾಯರಂಗ ನೇಯೋರು ಬೆಟಗೇರ್ಯಾಗ ಇಲ್ಲ!"

ಮೊದಲು ಚಪ್ಪಾಳೆ ತಟ್ಟಿದವರು ಮಾಸ್ತರರೇ. ಆ ಸೊಸೆಯೇ ಕೊಡ ಎತ್ತಿ ಅವ್ವನ ಸೊಂಟಕ್ಕಿಟ್ಟಳು. ದೇವರು ದೊಡ್ಡವ, ಕೊಡ ಗೆದ್ದವಳನ್ನೂ ಎತ್ತಿ ಕೊಟ್ಟವಳನ್ನೂ ಗೆಲ್ಲಿಸಿದ.

ಕೆಲವು ವರ್ಷಗಳ ಮೇಲೆ ಮಾಸ್ತರರಿಗೆ ವರ್ಗವಾಯಿತು. ಹಲ್ಲು ಬಿದ್ದ ಮೇಲೂ ಆಟ ಬಿಡಲಿಲ್ಲವಂತೆ. ಎಣಿಕೆ ತೊದಲಿದರೆ ಕೂಡಿದ ಜನವೇ ಎಣಿಸುತ್ತಿತ್ತಂತೆ... ಅವರು ತೀರಿಕೊಂಡ ಖಬರ ನಮಗೆ ಮುಟ್ಟಿದ್ದು ಎಷ್ಟೋ ತಿಂಗಳಿಗೆ.

ಈ ಹೊತ್ತು ದೀಪ ಹಚ್ಚಿ, ಅವರ ಹೆಸರಿನಲ್ಲಿ ಎರಡು ಹೂ ಏರಿಸೋಣವೆಂದು ಕೂತೆ. ಹೆಸರು ಬಾಯಿಗೆ ಬರಲಿಲ್ಲ. ಬರುವುದೆಲ್ಲಿಂದ? ಹಿರಿಯರೆಂದು ಅವರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ, ನಾನೂ ಕೇಳಿ ತಿಳಿದುಕೊಂಡವಳಲ್ಲ. ಈಗ ಕೇಳೋಣವೆಂದರೆ ಅವ್ವನೂ ಇಲ್ಲ. "ನಮ್ಮ ಮಾಸ್ತರರಿಗಪ್ಪಾ, ಅವರ ಹೆಸರು ನಿನಗ ಗೊತ್ತಿರತೈತಿ," ಎಂದು ದೇವರಿಗೆ ಹೇಳಿ ಹೂ ಏರಿಸಿದೆ.