ಕತ್ತರಿಸಿ ಎಸೆದ ಮೊದಲ ಮಾತು

ಕೂಡ್ಲಿಗಿಯಲ್ಲಿ ನಾನು ಕೆಲಸ ಮಾಡುವ ಸಂಸ್ಥೆ ಕುರಿ ಸಾಕುವ ಹೆಂಗಸರಿಗೆ ಫೋನಿನಲ್ಲೇ ಪಾಠ ಮಾಡುತ್ತದೆ. ಪಾಠಗಳನ್ನು ಸಣ್ಣ ಸಣ್ಣ ವಿಡಿಯೊ ತುಣುಕುಗಳಾಗಿ ಕತ್ತರಿಸಿ, ಹೆಸರು ಹಚ್ಚಿ, ಒಂದು ಕಡೆ ಜೋಡಿಸಿಡುವುದು ನನ್ನ ಕೆಲಸ. ಹೊಸ ಕೋರ್ಸ್ ಬೇಕೆಂದಾಗ ಅವೇ ತುಣುಕುಗಳನ್ನು ಮತ್ತೆ ಪೋಣಿಸುತ್ತೇನೆ. ಒಮ್ಮೆ ರುಬ್ಬಿದ ಹಿಟ್ಟು ದೋಸೆಗೂ ಆಗಬೇಕು, ಪಡ್ಡಿಗೂ ಆಗಬೇಕು. ಅದಕ್ಕಾಗಿ ‘ನಿನ್ನೆ ಹೇಳಿದಂತೆ’, ‘ಈ ಊರಿನಲ್ಲಿ’ ಎಂಬಂಥ ಮಾತುಗಳನ್ನೆಲ್ಲ ಕಿತ್ತು ಹಾಕುತ್ತೇನೆ. ಈ ಕೈಚಳಕದ ಬಗ್ಗೆ ನನಗೆ ಜಂಬವೂ ಇತ್ತು.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದಾಗ ಚಿಗಟೇರಿ ಹತ್ತಿರದ ಒಬ್ಬಾಕೆಯ ಧ್ವನಿ ಸಂದೇಶ ಬಂತು. “ಮೇಡಂ, ಮರಿ ಸಾಕೋ ಪಾಠ ನೋಡೀನ್ರಿ. ಇವತ್ತು ಎಲ್ಲಾ ಮರಿಗೂ ಹುಳದ ಔಷಧಿ ಒಂದೊಂದು ಮುಚ್ಚಳ ಕುಡಿಸ್ತೀನಿ.”

ಮರಿಗೆ ಒಂದು ಮುಚ್ಚಳವೇ? ನಮ್ಮ ಕಡೆ ಔಷಧಿ ಅಳೆಯುವುದು ಸೀಸೆಯ ಮುಚ್ಚಳದಿಂದಲೇ. ವಿಡಿಯೊದಲ್ಲೂ ಹಾಗೇ ತೋರಿಸಿದ್ದೆವು. ಆದರೆ ಮುಚ್ಚಳ ತುಂಬ ಕೊಡುವುದು ದೊಡ್ಡ ಕುರಿಗೆ. ಡಬ್ಬಿ ಬಿಟ್ಟು ಎದ್ದು, ಕೊಟ್ಟೂರಿನಲ್ಲಿ ತೆಗೆದ ಮೂಲ ವಿಡಿಯೊ ಹುಡುಕಿದೆ. ಪಶುವೈದ್ಯರ ಮೊದಲ ಮಾತೇ, “ನಿನ್ನೆ ಮರಿಗಳದ್ದು ನೋಡಿದಿರಿ, ಇದು ದೊಡ್ಡ ಕುರಿಗೆ.” ‘ನಿನ್ನೆ’ ಎಂದು ಕೇಳಿದ್ದೇ ತಡ, ನಾನು ಇಡೀ ಸಾಲನ್ನೇ ಕತ್ತರಿಸಿದ್ದೆ. ಆಮೇಲೆ ನಾನೇ ಆ ತುಣುಕನ್ನು ಮರಿಗಳ ಕೋರ್ಸಿಗೆ ಪೋಣಿಸಿದ್ದೆ.

ವೈದ್ಯರಿಗೆ ಫೋನ್ ಹಚ್ಚಿದೆ. “ಅಷ್ಟು ಹೋದ್ರ ಮರಿ ಉಳಿಯೋದು ಕಷ್ಟ ಐತಿ. ಮೊದಲು ಕುಡಿಸಬ್ಯಾಡ ಅನ್ರಿ,” ಎಂದರು. ಆಕೆಯ ಫೋನ್ ಸ್ವಿಚ್ ಆಫ್. ಕೋರ್ಸಿನಿಂದ ತುಣುಕನ್ನು ತೆಗೆದು ಎಲ್ಲರಿಗೂ ಸಂದೇಶ ಕಳಿಸಿದೆ. ಆದರೂ ಭಯ ಹೋಗಲಿಲ್ಲ. ಆ ಊರುಗಳಲ್ಲಿ ಸಿಗ್ನಲ್ ನೆಟ್ಟಗಿಲ್ಲ. ಸಂತೆಗೆ ಬಂದ ದಿನ ಪಾಠ ಇಳಿಸಿಕೊಂಡು ಫೋನಿನಿಂದ ಫೋನಿಗೆ ಹಂಚುತ್ತಾರೆ. ಅಲ್ಲಿಗೆ ನನ್ನ ಕೈ ಎಟುಕುವುದಿಲ್ಲ.

ಬಸ್ ಹತ್ತಿದೆ. ಕೊಟ್ಟೂರು ಬರುವ ತನಕ ಹತ್ತು ಸಲ ಫೋನ್ ಮಾಡಿರಬೇಕು. ಹರಪನಹಳ್ಳಿ ದಾಟುವಾಗ ನನ್ನ ತಲೆಯಲ್ಲಿ ಸುಳ್ಳೊಂದು ತಯಾರಾಗುತ್ತಿತ್ತು: ಸೀಸೆಯ ಮುಚ್ಚಳದ ಅಳತೆಯೇ ಬದಲಾಗಿದೆ ಎಂದುಬಿಡಲೇ? ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಕೆಯ ಮನೆ ಮುಂದೆ ಮರಿಗಳು ಜಿಗಿಯುತ್ತಿದ್ದವು. ಎಣಿಸುವಷ್ಟು ಧೈರ್ಯವಿರಲಿಲ್ಲ, ಕಟ್ಟೆಯ ಮೇಲೆ ಕೂತೆ. ಆಕೆ ನೀರು ತಂದು ಕೊಟ್ಟು, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು.

“ಬೈಬ್ಯಾಡ್ರಿ ಮೇಡಂ. ಪಾಠದಾಗ ಹೇಳಿದಂಗ ಮಾಡ್ಲಿಲ್ರಿ. ನಮ್ಮತ್ತಿ ಸೀಸೆ ಕಸಗೊಂಡು, ‘ಕೂಸಿಗೆ ಹಿರೇರ ಊಟ ಹಾಕ್ತಿ ಏನಲೇ’ ಅಂತ ಕಾಲು ಮುಚ್ಚಳ ಅಷ್ಟೇ ಕುಡಿಸಿದ್ಲು.”

ಒಳಗಿದ್ದ ಆ ಮುದುಕಿಯ ಕಾಲು ಮುಟ್ಟಬೇಕೆನಿಸಿತು. ನಗುತ್ತ ಎದ್ದೆ ಕೂಡ.

ಆಗ ಆಕೆ ಅಂದಳು: “ಆದ್ರ ನಮ್ಮ ತಂಗಿ ಹಂಗಲ್ರಿ. ಹಡಗಲಿ ಕಡೆ, ಮೈಲಾರದ ಹತ್ರ ಅದಾಳ. ಮೊನ್ನೆ ಬಂದಾಗ ಆಕಿಗೂ ಪಾಠ ಹಾಕಿ ಕೊಟ್ಟೀನಿ. ಹೇಳಿದ್ದು ಹೇಳಿದಂಗ ಮಾಡ್ತಾಳ. ಆಕಿ ಮನ್ಯಾಗ ಅತ್ತಿ ಇಲ್ಲ.”

ಆಕೆ ಹೇಳಿದ ನಂಬರ್ ಒತ್ತುವಾಗ ಎರಡು ಸಲ ತಪ್ಪಿದೆ. ತಂಗಿ ಕೂಡಲೇ ಎತ್ತಿದಳು. ದನಿಯಲ್ಲಿ ಹುರುಪಿತ್ತು.

“ಮುಂಜಾನಿನೇ ಕುಡಿಸೀನ್ರಿ ಮೇಡಂ. ಒಂದೊಂದು ಮುಚ್ಚಳ, ಒಂದು ಹನಿ ಚೆಲ್ಲಿಲ್ಲ.”

“ಮರಿ ಹೆಂಗ ಅದಾವವ್ವ?”

“ಎರಡು ಮಲಗ್ಯಾವ್ರಿ, ಏಳವಲ್ಲವು. ಕುಡಿಸಿದ ಮ್ಯಾಲ ಹೆಂಗಿರ್ತಾವಂತ ಪಾಠದಾಗ ಏನೂ ಹೇಳಿಲ್ಲಲ್ರಿ, ಅದಕ್ಕ ಹಿಂಗೇ ಆಗ್ತದೇನೋ ಅಂತ ಸುಮ್ನ ಕುಂತೀನಿ.”